ನೂರಾ ಮೂರನೆಯ ರಾತ್ರಿ

ಮಾರ್ಚ್ ಕೊನೆಯ ವಾರ. ಓಮರುವಿನಲ್ಲಿ ಬೇಸಿಗೆ ಕಾಲು ಕೀಳುತ್ತಿದೆ.
ಫ್ರಿಜ್ಜಿನ ಬಾಗಿಲಿಗೆ ಕ್ಯಾಲೆಂಡರು,
ಟ್ರಾಕ್ಟರು ಮಾರುವವರು ಪುಕ್ಕಟೆ ಕೊಟ್ಟದ್ದು.
ಹೋದ ವರ್ಷದ್ದೂ ಪಕ್ಕದಲ್ಲೇ ಇದೆ, ಸಾಕ್ಷಿಗೆ.
ನನ್ನ ರಾತ್ರಿಗಳಿಗೆ ನೀಲಿ ಚುಕ್ಕೆ,
ಸ್ಟ್ರೂವನ್‌ನ ರಾತ್ರಿಗಳಿಗೆ ಹಸಿರು.
ಹಗಲಿಗೆ ಬಣ್ಣವಿಲ್ಲ.
ಹಗಲನ್ನು ಯಾರೂ ಎಣಿಸುವುದಿಲ್ಲ.

ತೆರಿಗೆ ಕಚೇರಿಯ ಹೆಣ್ಣುಮಗಳು ಒಳ್ಳೆಯವಳೇ.
"ವರ್ಷಕ್ಕೆ ನೂರಾ ಮೂರು ರಾತ್ರಿ ಆಯಿತೋ,
ಅವರ ಆರೈಕೆಯೂ ಲೆಕ್ಕಕ್ಕೆ ಬಂತು,
ನಿಮಗೆ ಬರುವುದು ಇಳಿಯಿತು."
ಎಷ್ಟು? ಎಂದೆ.
ಕೀಲಿಮಣೆ ಕಟಕಟ ಎಂದಿತು. ಹೇಳಿದಳು.
ಚಳಿಗಾಲದ ಒಂದು ತಿಂಗಳ ಕರೆಂಟು ಬಿಲ್ಲಿನಷ್ಟು.

ರಾತ್ರಿ ಎಂದರೆ ಯಾವುದು, ಅದನ್ನೂ ಕೇಳಬೇಕಿತ್ತು.
ಗೆಳತಿಯ ಮನೆಯಲ್ಲಿ ಮಲಗಿ ಬಂದದ್ದು ಯಾರ ಪಾಲಿಗೆ?
ಜ್ವರ ಏರಿ, ಅಮ್ಮ ಬೇಕು ಎಂದು ಹಟ ಹಿಡಿದು
ಒಂದೂವರೆ ಗಂಟೆಗೆ ಕಂಬಳಿ ಸಮೇತ
ಅವನ ಕಾರಿನಿಂದ ನನ್ನ ಹೆಗಲಿಗೆ ದಾಟಿದಳಲ್ಲ,
ಆ ರಾತ್ರಿಯನ್ನು ಎಲ್ಲಿ ಕತ್ತರಿಸಲಿ?
ಶೂ ಬಿಗಿಯಾಗುವುದು ಹಗಲಲ್ಲಿ.
ಹಲ್ಲಿನ ಡಾಕ್ಟರು ಹಗಲು, ಈಜಿನ ಫೀಜು ಹಗಲು.

ವೃದ್ಧಾಶ್ರಮದಲ್ಲಿ ನನ್ನದು ರಾತ್ರಿ ಪಾಳಿ.
ಕೈ ಬಿಗಿಯಾದ ವಾರ ಇನ್ನೊಂದನ್ನು ಕೇಳಿ ಪಡೆಯುತ್ತೇನೆ.
ನಾನು ದುಡಿಯುವ ರಾತ್ರಿ
ಫರ್ನ್ ಅಪ್ಪನಲ್ಲಿ ಮಲಗುತ್ತಾಳೆ. ಹಸಿರು ಚುಕ್ಕೆ.
ಹಸಿರು ಏರಿದಂತೆ ಅವನು ಕೊಡುವುದು ಇಳಿಯುತ್ತದೆ,
ಅದು ಇಳಿದಂತೆ ನನಗೆ ಮತ್ತೊಂದು ಪಾಳಿ.
ಗಾಣದ ಎತ್ತಿಗೆ ಕಣ್ಣುಪಟ್ಟಿಯಾದರೂ ಕಟ್ಟುತ್ತಾರೆ.

ಏಳನೆಯ ಕೋಣೆಯ ಮಿಸೆಸ್ ಟಾವರ್ನರ್‌ಗೆ ಮರೆವು.
ಮೂರು ಗಂಟೆಗೆ ಎದ್ದು ಕೂರುತ್ತಾಳೆ:
"ಮಗು ಯಾರ ಹತ್ತಿರ ಇದೆ?"
ಅವಳ ಮಗುವಿಗೆ ಅರವತ್ತು ದಾಟಿದೆ.
"ಅಪ್ಪನ ಹತ್ತಿರ," ಎನ್ನುತ್ತೇನೆ. ಮಲಗುತ್ತಾಳೆ.

ಸ್ಟ್ರೂವನ್ ಕೆಟ್ಟವನಲ್ಲ. ಕಷ್ಟ ಇರುವುದೇ ಅಲ್ಲಿ.
ಕೆಟ್ಟವನಾಗಿದ್ದರೆ ಸಲೀಸಾಗಿ ಬೈಯುತ್ತಿದ್ದೆ.
ಅವಳಿಗಾಗಿ ಒಂದು ಕೋಣೆ ಹೆಚ್ಚಿಗೆ ಹಿಡಿದಿದ್ದಾನೆ,
ಗೋಡೆಗೆ ಅವಳೇ ಆರಿಸಿದ ಹಳದಿ ಬಳಿದಿದ್ದಾನೆ.
"ಎರಡನೆಯ ಹಾಸಿಗೆಗೂ ದುಡ್ಡು ಬೀಳುತ್ತದೆ ನೈರಿ,"
ಎಂದ ಗೇಟಿನಾಚೆ ನಿಂತು,
ಅವಳ ಚೀಲ ಇನ್ನೂ ಅವನ ಕೈಯಲ್ಲೇ ಇತ್ತು.

ಗಂಡ ಹೆಂಡಿರ ಜಗಳದಲ್ಲಿ
ಕೂಸು ಬಡವಾಗುತ್ತದಂತೆ.
ನಮ್ಮದು ಬಡವಾಗಲಿಲ್ಲ, ಲೆಕ್ಕ ಕಲಿಯಿತು.

ಇವತ್ತಿಗೆ ಹಸಿರು ನೂರಾ ಎರಡು.
ಸಂಜೆ ಮೇಟ್ರನ್ ಫೋನು: ಯಾರೋ ರಜೆ, ಬರುತ್ತೀಯಾ?
ಫರ್ನ್ ಟೋಸ್ಟಿನ ಅಂಚು ತಿನ್ನುತ್ತಾ,
ತಲೆ ಎತ್ತದೆ, ಒಂಬತ್ತು ವರ್ಷದವಳು, ಕೇಳಿದಳು:
"ಇವತ್ತು ನಾನು ಅಪ್ಪನ ಮನೆಗೆ ಹೋದರೆ
ನಿನಗೆ ಎಷ್ಟು ಕಮ್ಮಿಯಾಗುತ್ತೆ?
ಬೇಕಾದರೆ ನಾನು ಅಲ್ಲಿ ನಿದ್ದೆ ಮಾಡಲ್ಲ."

ಪಾಳಿಗೆ ಹೂಂ ಎಂದೆ.
ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಕಾಲುಚೀಲ.
ಹಸಿರು ಪೆನ್ನಿನ ಮುಚ್ಚಳ ಎಲ್ಲೋ ಕಳೆದಿತ್ತು,
ಶಾಯಿ ಒಣಗಿತ್ತು.
ಒತ್ತಿ ಬರೆದೆ. ಹಾಳೆ ಹರಿಯಿತು,
ಚುಕ್ಕೆಯಷ್ಟೇ ತೂತು.
ಅದರೊಳಗೆ ಏಪ್ರಿಲ್, ಇನ್ನೂ ಖಾಲಿ.