ನಾಳೆಯ ಸೌದೆ

ಕೊನೇ ಬಸ್ಸು ರಿಪ್ಪನ್‌ಪೇಟೆ ದಾಟಿದ ಮೇಲೆಯೇ
ನಮ್ಮ ಭಟ್ಟಿಯ ಬಾಗಿಲು ತೆಗೆಯುವುದು.
ಬಾ ಸೋಮ್ರಾ, ಕೈ ಒಳಗೆ ಹಾಕು. ಹೆದರಬೇಡ.
ನಿನ್ನೆಯ ಶಾಖ ಇನ್ನೂ ಇದೆ,
ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ.

ಎರಡು ತುಂಡು ತಗೊ, ಒಂದಕ್ಕೊಂದು ಬಡಿ.
ಕನ್ನಡ ಪೂರ್ತಿ ಬರಬೇಕಾಗಿಲ್ಲ, ಕಿವಿ ಸಾಕು:
ಟಣ್ ಅಂದರೆ ಒಳಗೆ,
ದಬ್ ಅಂದರೆ ಹಿತ್ತಲಿಗೆ ವಾಪಸ್.
ಹಸಿಯದು ತುದಿಯಲ್ಲಿ ನೊರೆ ಕಾರುತ್ತೆ, ಕುಂಯ್ ಅನ್ನುತ್ತೆ,
ಮೊದಲು ತನ್ನ ನೀರನ್ನೇ ಕಾಯಿಸಿಕೊಳ್ಳುತ್ತೆ,
ಆಮೇಲೆ, ಮನಸ್ಸಾದರೆ, ನಿನ್ನ ಬನ್ನು.

ಇದೆಲ್ಲ ನನ್ನದಲ್ಲ, ಇದಿನಬ್ಬನದು.
ಉಪ್ಪಿನಂಗಡಿಯಿಂದ ಘಾಟಿ ಹತ್ತಿ ಬಂದ ಮನುಷ್ಯ.
ಮಾತು ಕಮ್ಮಿ. ಹುಬ್ಬು ಇರಲಿಲ್ಲ.
ಮೂವತ್ತೊಂದು ವರ್ಷ ಭಟ್ಟಿಯ ಬಾಯಿಗೆ ಬಗ್ಗಿದವನಿಗೆ
ಹುಬ್ಬು ಎಲ್ಲಿ ನಿಲ್ಲುತ್ತೆ!

ತುಂಬು, ಆದರೆ ತುರುಕಬೇಡ.
ದಪ್ಪನೆಯವು ಹಿಂದೆ, ಎರಡು ಅಡ್ಡ, ಎರಡು ಉದ್ದ,
ನಡುವೆ ನಿನ್ನ ಮುಷ್ಟಿ ಹೋಗುವಷ್ಟು ಜಾಗ.
"ಬೆಂಕಿಗೂ ಮಗ್ಗುಲು ಬದಲಿಸಬೇಕು ಅನ್ನಿಸ್ತದೆ ಮಾರಾಯ."
ಸಿಬರು, ಬಿದಿರ ಚಕ್ಕೆ ಎಲ್ಲಕ್ಕಿಂತ ಮೇಲೆ,
ಕಡ್ಡಿ ಗೀರುವುದೂ ಅಲ್ಲೇ.
ತಾನಾಗಿ ಇಳಿಯುತ್ತೆ, ಮೆಟ್ಟಿಲು ಬಲ್ಲ ಮುದುಕಿಯ ಹಾಗೆ.
ಊದಬೇಡ.
ಊದುವುದು ತುಂಬಲು ಬಾರದವನ ಕೆಲಸ.

ಹಚ್ಚಿದ ಮೇಲೆ ಗುಮ್ಮಟ ಕರ್ರಗಾಗುತ್ತೆ.
ಎಲ್ಲರೂ ಎಡವುವುದು ಇಲ್ಲೇ,
ಕಾಯಿತು ಅಂದುಕೊಂಡು ಕೆಂಡ ಎಳೆದುಬಿಡುತ್ತಾರೆ.
ತಡಿ. ಆ ಮಸಿಯನ್ನೂ ಬೆಂಕಿ ತಿನ್ನಬೇಕು.
ಇಟ್ಟಿಗೆ ಒಂದೊಂದೇ ಬೆಳ್ಳಗಾಗಿ
ಮುಖ ತೊಳೆದು ಬಂದ ಶಾಲೆಮಕ್ಕಳಂತೆ ಕಾಣಬೇಕು.
ಆಗ ಕೆಂಡ ಬಲಮೂಲೆಗೆ. ನೆಲಕ್ಕೆ ಒದ್ದೆ ಗೋಣಿ.
ಒಂದು ಹಿಡಿ ಮೈದಾ ಎಸೆದು ಎಣಿಸು:
ಐದಕ್ಕೇ ಕರಕಲಾದರೆ ಹೊರಗೆ ಹೋಗಿ ಬೀಡಿ ಸೇದು,
ಹನ್ನೆರಡಕ್ಕೆ ಕಂದಾದರೆ ತಟ್ಟೆ ಬಿಡು,
ಮೂವತ್ತಾದರೂ ಬಿಳಿಯೇ ಇದ್ದರೆ
ಯಜಮಾನರಿಗೆ ಹೇಳುವ ಸುಳ್ಳು ಹುಡುಕು.

ನಾನೂ ಹುಡುಕಿದ್ದೆ ಒಂದು ಸಲ.
ಸೌದೆ ಸಾಲದೆ ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟಿದ್ದೆ,
ನಡುವೆ ಕಾಸರಕ ಸೇರಿದ್ದು ಕಾಣಲಿಲ್ಲ.
ನಾನೂರು ಬನ್ನು, ಎಲ್ಲ ಕಷಾಯ.
ಸಂತೆಯ ದನವೂ ಮೂಸಿ ಮುಂದೆ ಹೋಯಿತು.
ಇದಿನಬ್ಬ ಬೈಯಲಿಲ್ಲ.
ಮೈದಾ ಮೂಟೆಯ ಮೇಲೆ ಕೂತು
ನನ್ನನ್ನೇ ನೋಡುತ್ತಾ ಒಂದು ಬನ್ನು ಪೂರ್ತಿ ತಿಂದ.
ನಿಧಾನವಾಗಿ.
ಬೈದಿದ್ದರೆ ಚೆನ್ನಾಗಿತ್ತು.

ಏನದು? ಆ ತುಂಡು ಯಾಕೆ ಬದಿಗಿಟ್ಟೆ?
ಮೂಸಿದೆಯಾ? ಕೊಡು ಇಲ್ಲಿ.
ಹೌದಲ್ಲ.
ಬೆಳಿಗ್ಗೆ ನಾನೇ ಜೋಡಿಸಿದ ಸಾಲಿನದು.
ನಿಮ್ಮ ಕಡೆ ಏನಂತಾರೆ ಇದಕ್ಕೆ?
ಕುಚ್ಲಾ?
ಇನ್ನೊಂದು ಸಲ ಹೇಳು. ಕುಚ್ಲಾ.
ಹೆಸರೇ ಕಹಿ.
ಮೊದಲೇ ಹೇಳಬಾರದಿತ್ತೇ, ಕಾಡಿನವನು ನೀನು ಅಂತ!
ಇಷ್ಟು ಹೊತ್ತು ಬಾಯಿ ಒಣಗಿಸಿಕೊಂಡೆ.
ಸರಿ, ನೀನು ತುಂಬು,
ನಾನು ಎತ್ತಿಕೊಡುತ್ತೇನೆ.

ಇನ್ನೊಂದು ಉಳಿದಿದೆ, ಅದು ಬೆಳಗಿನ ಮಾತು.
ಬನ್ನಾಗಿ, ಬೆಣ್ಣೆ ಬಿಸ್ಕತ್ತಾಗಿ,
ರಸ್ಕಿನ ತಟ್ಟೆಯೂ ಹೊರಗೆ ಬಂದ ಮೇಲೆ
ಭಟ್ಟಿಯನ್ನು ಬರಿದೇ ಬಿಡಬೇಡ.
ನಾಳೆಯ ಸೌದೆ ಒಳಗಿಟ್ಟು ಬಾಗಿಲು ಹಾಕು,
ಉಳಿದ ಬಿಸಿಗೆ ಒಣಗಿಕೊಳ್ಳಲಿ.
ಆಷಾಢದಲ್ಲಿ ಇದಿನಬ್ಬ ತನ್ನ ಅಂಗಿಯನ್ನೂ
ಅದರ ಪಕ್ಕಕ್ಕೆ ಇಡುತ್ತಿದ್ದ.
ಊರಿಗೆ ಹೊರಟರೆ ಬಸ್ಸಿನಲ್ಲಿ ಅಕ್ಕಪಕ್ಕದ ಮಕ್ಕಳು
ಅವನ ಚೀಲವನ್ನೇ ನೋಡುತ್ತಿದ್ದವಂತೆ,
ಬನ್ನು ಯಾವಾಗ ತೆಗೆಯುತ್ತಾನೆ ಅಂತ.