ಇಂದ, ವರೆಗೆ

ದಕ್ಕೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಸೊಸೈಟಿ:
ಮೀನು ಮಾರುವ ಹೆಂಗಸರ ಪಿಗ್ಮಿ, ಐಸಿನ ಸಾಲ.
ವರದಿ ತೆಗೆಯುವ ಪರದೆಯಲ್ಲಿ ಎರಡು ಖಾಲಿ ಚೌಕ,
ಒಂದರ ಎಡಕ್ಕೆ 'ಇಂದ', ಇನ್ನೊಂದರ ಎಡಕ್ಕೆ 'ವರೆಗೆ'.
ಯಾವ ಊರಿನವ ಬರೆದನೋ.
ನಮ್ಮ ನಾಲಗೆಯಲ್ಲಿ ದಿನ ಮುಂದೆ ನಡೆಯುತ್ತದೆ,
'ಇಂದ' ಅದರ ಸೆರಗು ಹಿಡಿದು ಹಿಂದೆ.
ನಾನು ಮಾಡಿದ ಮೊದಲ ರಿಪೇರಿ ಅದೇ,
ಡಿಸೈನ್ ಒತ್ತಿ ಎರಡೂ ಪದಗಳನ್ನು
ಮೌಸಿನ ತುದಿಯಲ್ಲಿ ಎಳೆದು
ಬಲಕ್ಕೆ ತಂದು ಬಿಟ್ಟದ್ದು.
ಮ್ಯಾನೇಜರಿಗೆ ಇವತ್ತಿಗೂ ಗೊತ್ತಿಲ್ಲ.

ಎರಡನೆಯದು ಕಷ್ಟದ್ದು.
ತಿಂಗಳ ಕೊನೆಯ ದಿನ ಕಟ್ಟಿದ ದುಡ್ಡು
ಪಟ್ಟಿಗೆ ಬರುತ್ತಲೇ ಇರಲಿಲ್ಲ.
ಮೂವತ್ತೊಂದರ ವರೆಗೆ ಎಂದರೆ ಯಂತ್ರಕ್ಕೆ
ಮೂವತ್ತೊಂದು ಹುಟ್ಟುವ ಗಳಿಗೆ ಅಷ್ಟೇ,
ನಡುರಾತ್ರಿ, ಸೊನ್ನೆ ಗಂಟೆ ಸೊನ್ನೆ ನಿಮಿಷ.
ಆಮೇಲಿನ ಬೆಳಗು, ಏಲಂ, ಬಂಗುಡೆಯ ಬುಟ್ಟಿ,
ಸೊಂಟದ ಚೀಲದಿಂದ ಒದ್ದೆಯಾಗಿ ಬಂದ ನೋಟು,
ಎಲ್ಲ ಗೆರೆಯ ಆಚೆ.
ಮೂರು ವರ್ಷ ನಾವು ಕೌಂಟರಿನ ಈಚೆಯಿಂದ ಹೇಳಿದ್ದು:
ನಿಮಗೇ ನೆನಪು ತಪ್ಪಿರಬೇಕು ಅಕ್ಕ.

ಉಳ್ಳಾಲದ ನೌಫಲ್ ಫೋನಿನಲ್ಲಿ ಹೇಳಿಕೊಟ್ಟ,
ಕೊನೆಯ ದಿನಕ್ಕೆ ಒಂದು ಕೂಡಿಸು,
ಅದಕ್ಕಿಂತ ಚಿಕ್ಕದನ್ನೆಲ್ಲ ಕರೆ.
ಕರೆದೆ.
ಇಡೀ ಒಂದು ದಿನ ಒಳಗೆ ಬಂತು,
ಒದ್ದೆ ಕಾಲಲ್ಲಿ.

ಒಂದು ಮಂಗಳವಾರ ವಾರಿಜಕ್ಕ ಬಂದರು,
ಪಾಸ್‌ಬುಕ್ಕು ಹಾಲಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ಬ್ಯಾಂಕಿಗೆ ತೋರಿಸಲು ಲೆಕ್ಕದ ಕಾಗದ ಬೇಕಂತೆ.
ಯಾವಾಗಿನಿಂದ ಯಾವಾಗಿನ ವರೆಗೆ, ಕೇಳಿದೆ.
'ಪಗ್ಗುವಿನಿಂದ ಸೋಣದ ವರೆಗೆ ಕೊಡು ಮಾರಾಯ್ತಿ.'
ನನ್ನ ಪಟ್ಟಿಯಲ್ಲಿ ಇದ್ದದ್ದು
ಇಂದು, ನಿನ್ನೆ, ಕಳೆದ ತಿಂಗಳು, ಹಣಕಾಸು ವರ್ಷ.
ಹಣಕಾಸು ವರ್ಷದಲ್ಲಿ ಯಾರು ಮೀನು ಮಾರುತ್ತಾರೆ?

ಗೋಡೆಯ ಕ್ಯಾಲೆಂಡರ್ ಇಳಿಸಿ ಸಂಕ್ರಮಣ ಹುಡುಕಿ
ಒಂದು ಪುಟ್ಟ ಕೋಷ್ಟಕ ಮಾಡಿದೆ, ಹನ್ನೆರಡು ಸಾಲು.
ಚೌಕದ ಪಕ್ಕದ ಬಾಣ ಒತ್ತಿದರೆ
ಈಗ ಪಗ್ಗು ಬೇಶ ಕಾರ್ತೆಲ್ ಎಂದು ಇಳಿಯುತ್ತದೆ,
ನನ್ನ ಅಜ್ಜಿ ಬೆರಳು ಮಡಚಿ ಎಣಿಸಿದ ಹಾಗೆ.
ಪ್ರತಿ ವರ್ಷ ತಿದ್ದಬೇಕು. ಇರಲಿ,
ಛಾವಣಿಯ ಹಂಚನ್ನೂ ಪ್ರತಿ ವರ್ಷ ಕೈಯಾಡಿಸುತ್ತೇವೆ.

ಪ್ರಿಂಟರ್ ಕೆಮ್ಮಿ ಕಾಗದ ಕೊಟ್ಟಿತು.
ವಾರಿಜಕ್ಕನಿಗೆ ಓದು ಬಾರದು, ಸಾಲು ಎಣಿಸಲು ಬರುತ್ತದೆ.
'ಮೂರೇ ಉಂಟಲ್ಲ. ಇನ್ನೆರಡು ಎಲ್ಲಿ?'
ಪಗ್ಗು, ಬೇಶ, ಸೋಣ.
ಕಾರ್ತೆಲ್ ಪೂರ್ತಿ ಬೋಟು ಬಂದ್,
ಆಟಿ ಮುಗಿಯುವ ವರೆಗೂ ಕಡಲು ಯಾರನ್ನೂ ಇಳಿಯಗೊಡಲಿಲ್ಲ.
ಆಗ ನೀವು ಏನೂ ಕಟ್ಟಿಲ್ಲ ಅಕ್ಕ, ಹಾಗಾಗಿ ಬರುದಿಲ್ಲ.
'ಕಟ್ಟಲಿಲ್ಲ,' ಅಂದರು. 'ಅದೇ ಎರಡು ತಿಂಗಳು
ಒಣಮೀನು ತಲೆ ಮೇಲೆ ಇಟ್ಟು ಕಂಕನಾಡಿ ವರೆಗೆ ನಡೆದದ್ದು.
ಅದನ್ನೇ ತೆಗೆದರೆ ಬ್ಯಾಂಕಿನವ ಎಂತ ನೋಡುದು?'

ಸಂಜೆ ಬೀಗ ಹಾಕುವ ಹೊತ್ತು ಮೀರಿತು.
ಇದ್ದ ದಿನಗಳಿಂದ ಹುಡುಕುವುದು ಬಿಟ್ಟು
ಎಲ್ಲ ತಿಂಗಳುಗಳನ್ನೂ ಮೊದಲು ಸಾಲಾಗಿ ನಿಲ್ಲಿಸಿದೆ,
ದುಡ್ಡು ಇದ್ದರೆ ಬಂದು ಪಕ್ಕದಲ್ಲಿ ಕೂರಲಿ,
ಇಲ್ಲದಿದ್ದರೆ ಸೊನ್ನೆ ಕೂರಲಿ.
ಎರಡು ಸಲ ತಪ್ಪಾಯಿತು, ಒಮ್ಮೆ ಇಡೀ ಊರಿನ ಹೆಂಗಸರಿಗೆಲ್ಲ ಸೊನ್ನೆ ಬಂತು,
ಕುರ್ಚಿಯಿಂದ ಎದ್ದೇಬಿಟ್ಟೆ.

ಮರುದಿನ ಐದು ಸಾಲು.
ಸೊನ್ನೆ ಮಾತ್ರ ಅವರಿಗೆ ಗೊತ್ತು, ನೋಟಿನಲ್ಲಿ ನೋಡಿ.
ಕಾರ್ತೆಲ್‌ನ ಎದುರು, ಆಟಿಯ ಎದುರು
ಮಸಾಲೆ ಹತ್ತಿದ ಉಗುರನ್ನು ಇಟ್ಟು
ಸ್ವಲ್ಪ ಹೊತ್ತು ತೆಗೆಯಲಿಲ್ಲ.
ಕಾಗದಕ್ಕೆ ಎಷ್ಟು ಅಂದರು. ಎರಡು ರೂಪಾಯಿ.
ಐದರ ನಾಣ್ಯ ಕೊಟ್ಟರು, ನನ್ನಲ್ಲಿ ಚಿಲ್ಲರೆ ಇರಲಿಲ್ಲ.
'ಮೂರು ರೂಪಾಯಿ ಬರೆದುಕೊ,' ಅಂದರು.
ಬರೆದುಕೊಂಡೆ,
ತಾರೀಕು ಹಾಕಿ.