ಮೂರನೆಯ ಪಿಸ್ಟನ್

ಮೂವತ್ತೆಂಟರ ಫಿಯೆಟ್ಟು. ನಾಲ್ಕು ಪಿಸ್ಟನ್ನಿನಲ್ಲಿ
ಮೂರನೆಯದು ಸೀಳಿತ್ತು.
ಟ್ಯೂರಿನ್ನಿಗೆ ಬರೆದ ಕಾಗದಕ್ಕೆ ಉತ್ತರವೂ ಬಂದಿತ್ತು, ಬಲು ವಿನಯದಲ್ಲಿ:
ಅಂಥದ್ದು ಈಗ ನಮ್ಮಲ್ಲೂ ಇಲ್ಲ.

ಲೆತೆಬ್ರಾನ್ ಅಮ್ಮ ಮೆದೆಬೆರ್ ಸಂತೆಯ ಸುತ್ತಿಗೆ ಸದ್ದು ದಾಟಿ ಬಂದಳು,
ಕಂಕುಳಲ್ಲಿ ಅಲ್ಯುಮಿನಿಯಂ ಪಾತ್ರೆ.
"ಇದನ್ನು ಕರಗಿಸು. ನನ್ನ ತಾಯಿಯದು."

ಮೇಸ್ತ್ರಿ ಹಬ್ತೆಜ್ಗಿ ಬೆರಳಗಿಣ್ಣಿನಿಂದ ಕುಟ್ಟಿ ಕಿವಿಗೊಟ್ಟ.
"ಇದಕ್ಕೆ ಗೊತ್ತಿರುವುದು ಸಾರಿನ ಕುದಿ, ಅಷ್ಟೆ.
ಪಿಸ್ಟನ್ನಿಗೆ ಪಿಸ್ಟನ್ನೇ ಆಗಬೇಕು."

ಅಸ್ಮರಾದ ಅಂಚಿಗೆ ಟ್ಯಾಂಕುಗಳ ಮಸಣ.
ಕಳ್ಳಿಯ ನಡುವೆ ಮಗುಚಿ ಬಿದ್ದ ಸೇನೆಯ ಲಾರಿ.
ಯಾರ ಕಡೆಯದೆಂದು ಅವನು ಹೇಳಲಿಲ್ಲ,
ಬಾಗಿಲ ತೂತುಗಳನ್ನು ಮಾತ್ರ ಒಂದು ಸಲ ಎಣಿಸಿದ.
ನಾನು ಸ್ಪ್ಯಾನರು ಹಿಡಿದು ನಿಂತೆ.
ಸಂಜೆಯಿಡೀ ಸೀಮೆಎಣ್ಣೆ ಕುಡಿಸಿದ ಮೇಲೆ
ಬೋಲ್ಟು ಹಟ ಬಿಟ್ಟಿತು.

ಕುಲುಮೆ. ಮರಳಿನ ಅಚ್ಚು. ಮೊದಲ ಎರಕದ ತುಂಬ ಗುಳ್ಳೆ,
ಎರಡನೆಯದು ನನ್ನ ತಪ್ಪು: ಅಚ್ಚು ಒದ್ದೆಯಿತ್ತು.
ಮೂರನೆಯದನ್ನು ಲೇತಿಗೆ ಕಟ್ಟಿ
ಕೂದಲೆಳೆ, ಅರ್ಧ ಕೂದಲೆಳೆ,
ಆಮೇಲೆ ಉಸಿರು ಬಿಗಿಹಿಡಿದು ಇನ್ನೂ ಒಂದಿಷ್ಟು.
ಗೇಜು ಇರಲಿಲ್ಲ; ಸಿಗರೇಟಿನ ಕಾಗದವಿತ್ತು.

ಭಾನುವಾರ ಇಂಜಿನು ಕೆಮ್ಮಿತು. ಕೆಮ್ಮಿ, ತಡೆದು, ಮಾತಿಗೆ ಬಿತ್ತು.
ಮೂರನೆಯ ಮನೆಯಲ್ಲಿ ಮಾತ್ರ ಸಣ್ಣದೊಂದು ಟಿಕಟಿಕ.
"ಬದುಕಿದೆ, ಬಿಡು" ಎಂದ ಮೇಸ್ತ್ರಿ.
ಅಮ್ಮ ಅತ್ತಳೋ, ಹೊಗೆಯೋ.
ಗೇರು ಹಾಕಿ ಏರು ಹತ್ತಿದಳು, ಹಿಂದೆ ನೋಡದೆ,

ಪಾತ್ರೆ ಮರೆತು.
ಅದರಲ್ಲೇ ಈಗ ನಮ್ಮ ಮಧ್ಯಾಹ್ನದ ಬೇಳೆ.
ಕುದಿ ಬಂದಾಗ ಮುಚ್ಚಳ ಟಿಕಟಿಕ ಅನ್ನುತ್ತದೆ,
ಮೇಸ್ತ್ರಿ ಲೇತು ನಿಲ್ಲಿಸಿ ಕೇಳುತ್ತಾನೆ.